ಮಸ್ಕತ್ತಿನಿಂದ ಅಂಕೋಲೆಗೆ ಮೂರೂವರೆ ತಾಸು

2005ರ ಫೆಬ್ರವರಿ. ಕಾರವಾರದಲ್ಲಿ ಒಂದು ಮಹಡಿಯ ಮೇಲಿದ್ದ ವಿಮಾನ ಟಿಕೆಟ್ ಕಚೇರಿಯಲ್ಲಿ ನಾನು ಹಿರಿಯ ಟಿಕೆಟಿಂಗ್ ಅಧಿಕಾರಿಯಾಗಿದ್ದೆ. ಹಿರಿಯ ಎಂದರೆ ನನ್ನ ಕೆಳಗೆ ಕಿರಿಯರು ಯಾರೋ ಇದ್ದರೆಂದು ತಿಳಿಯಬೇಡಿ. ಕಚೇರಿಯಲ್ಲಿ ಇದ್ದವನು ನಾನೊಬ್ಬನೇ. ಮಾಲೀಕರು ಹುಬ್ಬಳ್ಳಿಯವರು, ತಿಂಗಳಿಗೆ ಎರಡು ಸಲ ಬಂದು ಲೆಡ್ಜರ್ ನೋಡಿ, ಮೀನೂಟ ಮಾಡಿ ಹೋಗುತ್ತಿದ್ದರು. ವಿಮಾನವೇ ಇಳಿಯದ ಊರಿನಲ್ಲಿ ವಿಮಾನದ ಟಿಕೆಟ್ ಮಾರುವವನು ಎಂದು ಗೆಳೆಯರು ನನ್ನನ್ನು ಗೇಲಿ ಮಾಡುತ್ತಿದ್ದರು. ಆದರೆ ಗಿರಾಕಿಗಳಿಗೆ ಕೊರತೆ ಇರಲಿಲ್ಲ. ನೌಕಾನೆಲೆಯ ಕಾಮಗಾರಿಗೆ ಬರುವ ಎಂಜಿನಿಯರುಗಳು, ಕೈಗಾದ ಅಧಿಕಾರಿಗಳು, ಕೊಲ್ಲಿ ದೇಶಗಳಿಗೆ ಹೋಗಿ ಬರುವ ನಮ್ಮ ಕರಾವಳಿಯ ಮಂದಿ, ಎಲ್ಲರೂ ನನ್ನ ಮೇಜಿನ ಮುಂದೆ ಕುಳಿತವರೇ.

ನನಗೆ ಒಂದು ಹೆಮ್ಮೆ ಇತ್ತು. ಯಾವ ಎರಡು ಊರುಗಳ ಹೆಸರು ಹೇಳಿದರೂ ಅವುಗಳ ನಡುವಿನ ವಾಯುಮಾರ್ಗದ ದೂರ ಮತ್ತು ಹಾರಾಟದ ಸಮಯವನ್ನು ಪುಸ್ತಕ ತೆರೆಯದೆ ಹೇಳಿಬಿಡುತ್ತಿದ್ದೆ. ಗೋವಾದಿಂದ ಮುಂಬಯಿಗೆ 425 ಕಿಲೋಮೀಟರ್, ಒಂದು ಗಂಟೆ. ಮುಂಬಯಿಯಿಂದ ಮಸ್ಕತ್ತಿಗೆ ಸುಮಾರು 1,590 ಕಿಲೋಮೀಟರ್, ಎರಡೂವರೆ ಗಂಟೆ. ಬಾಲ್ಯದಲ್ಲಿ ಬೊಬ್ರುವಾಡದ ಶಾಲೆಯಲ್ಲಿ ಮಗ್ಗಿ ಹೇಳಿ ಮಾಸ್ತರರಿಂದ ಶಹಬ್ಬಾಸ್ ಪಡೆಯುತ್ತಿದ್ದ ಹುಡುಗನೇ ನನ್ನೊಳಗೆ ಇನ್ನೂ ಕುಳಿತಿದ್ದ ಎಂದು ಕಾಣುತ್ತದೆ. ಬಂದವರು ಬೆರಗಾಗಿ ನೋಡಿದರೆ ಆ ದಿನದ ಊಟ ನನಗೆ ರುಚಿಸುತ್ತಿತ್ತು.

ಆ ಮಂಗಳವಾರ ಸಂಜೆ ನಾಲ್ಕೂವರೆಗೆ ತೋಡೂರಿನ ಮಂಕಾಳು ಎಂಬ ನಡುವಯಸ್ಸಿನ ಗೃಹಸ್ಥರು ಮೆಟ್ಟಿಲು ಹತ್ತಿ ಬಂದರು. ನೌಕಾನೆಲೆಗಾಗಿ ಕಡಲಂಚಿನ ಮನೆ ಬಿಟ್ಟುಕೊಟ್ಟು ತೋಡೂರಿಗೆ ಬಂದು ನೆಲೆಸಿದ ಹರಿಕಂತ್ರ ಮೀನುಗಾರರ ಪೈಕಿ ಅವರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಂಕೋಲೆಯ ಹತ್ತಿರದ ಕೇರಿಯೊಂದರಲ್ಲಿ ಅವರ ಭಾವ ಬೊಮ್ಮಯ್ಯ ಆ ಮಧ್ಯಾಹ್ನ ತೀರಿಕೊಂಡಿದ್ದರು. ಬಲೆ ಸರಿಮಾಡುತ್ತ ಕುಳಿತವರು ಕುಳಿತಲ್ಲೇ ವಾಲಿದರಂತೆ. ಬೊಮ್ಮಯ್ಯನಿಗೆ ಒಬ್ಬಳೇ ಮಗಳು, ಸುಜಾತಾ. ಮಸ್ಕತ್ತಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ.

“ಅಕ್ಕ ಹಟ ಹಿಡ್ದು ಕೂತದೆ ಸಾಹೇಬ್ರೆ. ಮಗ್ಳು ಬಂದಿ ಬಾಯಿಗೆ ನೀರ್ ಬಿಡೂಕೇ ಬೇಕು, ಅಲ್ಲೀವರಿಗೆ ಎತ್ತೂಕೆ ಕೊಡೂದಿಲ್ಲ ಅಂತದೆ. ಅವ್ನೂ ಹಂಗೇ ಹೇಳ್ಕಂಡಿದ್ದ, ನಂಗೆ ಗಂಡ್ಮಗ ಇಲ್ಲ, ನನ್ ಸುಜಿನೇ ನೀರ್ ಬಿಡ್ಲಿ ಅಂತಿ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಕೇರಿಯಲ್ಲಿ ಹೆಣ ಮನೆಯಲ್ಲಿರುವಷ್ಟು ಹೊತ್ತು ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಯಾವ ದೋಣಿಯೂ ಕಡಲಿಗೆ ಇಳಿಯುವುದಿಲ್ಲ. ಸುಡುವ ಜಾಗ ಇರುವುದು ಒಂದು ಕೋಡಿಯ ಆಚೆಯ ಮರಳದಿಬ್ಬದಲ್ಲಿ. ಕೋಡಿ ಎಂದರೆ ಸಮುದ್ರದ ನೀರು ಒಳನುಗ್ಗುವ ಸಣ್ಣ ಕಾಲುವೆ. ಇಳಿತದ ಹೊತ್ತಿನಲ್ಲಿ ಮೊಣಕಾಲಿನವರೆಗೆ ನೀರು, ಭರತದಲ್ಲಿ ಆಳು ಮುಳುಗುವಷ್ಟು. ಹೆಣವನ್ನು ದೋಣಿಗೆ ಹತ್ತಿಸುವ ಪದ್ಧತಿ ಅವರಲ್ಲಿಲ್ಲ. ಹೆಗಲ ಮೇಲೆ ಹೊತ್ತು ಹಗಲಿನ ಇಳಿತದಲ್ಲಿ ನಡೆದೇ ದಾಟಬೇಕು. ಆದ್ದರಿಂದ ಯಾವ ಇಳಿತಕ್ಕೆ ಎತ್ತುವುದು ಎಂಬುದನ್ನು ಕೇರಿಯ ಹಿರಿಯ, ಅವರು ಬುಧವಂತ ಎಂದು ಕರೆಯುವ ಯಜಮಾನ, ತೀರ್ಮಾನಿಸುತ್ತಾನೆ. ಮರುದಿನದ ಇಳಿತ ಬೆಳಿಗ್ಗೆ ಹತ್ತರ ಸುಮಾರಿಗೆ ಇತ್ತು.

ನಾನು ಕೆಲಸಕ್ಕೆ ಕುಳಿತೆ. ಮಂಕಾಳು ತಂದಿದ್ದ ಚೀಟಿಯಲ್ಲಿದ್ದ ನಂಬರಿಗೆ ಐಎಸ್‌ಡಿ ಕರೆ ಮಾಡಿದೆ. ಸುಜಾತಾಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅಲ್ಲಿ ಕೆಲಸಗಾರರ ಪಾಸ್‌ಪೋರ್ಟು ಕೆಲಸ ಕೊಟ್ಟವರ ವಶದಲ್ಲಿರುತ್ತಿತ್ತು. ಮೇಲ್ವಿಚಾರಕಿಯ ಜತೆ ನಾನೇ ಇಂಗ್ಲಿಷಿನಲ್ಲಿ ಮಾತಾಡಿ, ಕಾಡಿ ಬೇಡಿ, ಸಂಜೆಯೊಳಗೆ ಅದು ಅವಳ ಕೈಸೇರುವಂತೆ ಮಾಡಿದೆ. ಟಿಕೆಟನ್ನು ಪಿಟಿಎ ಮೂಲಕ ಕಳಿಸಿದೆ. ಪ್ರಿಪೇಯ್ಡ್ ಟಿಕೆಟ್ ಅಡ್ವೈಸ್ ಎಂದು ಅದರ ಪೂರ್ಣ ಹೆಸರು. ಇಲ್ಲಿ ಮಾಡಿಸಿದ ಟಿಕೆಟನ್ನು ಪ್ರಯಾಣಿಕ ಅಲ್ಲಿನ ನಿಲ್ದಾಣದ ಕೌಂಟರಿನಲ್ಲಿ ಪಡೆಯುವ ವ್ಯವಸ್ಥೆ. ಇ-ಟಿಕೆಟ್ ಇನ್ನೂ ನಮ್ಮ ಕಡೆ ರೂಢಿಗೆ ಬಂದಿರಲಿಲ್ಲ. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಯಿತು. ಮಸ್ಕತ್ತಿನಿಂದ ಅಲ್ಲಿನ ಸಮಯ ನಡುರಾತ್ರಿ 1.30ಕ್ಕೆ ಹೊರಡುವ ವಿಮಾನ, ಮುಂಬಯಿಗೆ ನಮ್ಮ ಸಮಯ ಬೆಳಗಿನ 5.30ಕ್ಕೆ. ಅಲ್ಲಿಂದ ಮಧ್ಯಾಹ್ನ 12.15ಕ್ಕೆ ಗೋವಾದ ವಿಮಾನ, 1.20ಕ್ಕೆ ಅಲ್ಲಿನ ದಾಬೋಲಿ ನಿಲ್ದಾಣ. ದಾಬೋಲಿ ನೌಕಾಪಡೆಯ ನಿಲ್ದಾಣವಾದ್ದರಿಂದ ವಾರದ ದಿನಗಳಲ್ಲಿ ಬೆಳಗಿನ ಹೊತ್ತು ತರಬೇತಿ ಹಾರಾಟಕ್ಕೆ ಮೀಸಲು. ನಾಗರಿಕ ವಿಮಾನಗಳು ಇಳಿಯುವುದು ಮಧ್ಯಾಹ್ನದ ಮೇಲೆಯೇ. ಅದಕ್ಕಿಂತ ಬೇಗ ಅವಳನ್ನು ಊರು ಮುಟ್ಟಿಸುವ ದಾರಿ ಯಾವ ಟೈಮ್‌ಟೇಬಲ್ಲಿನಲ್ಲೂ ಇರಲಿಲ್ಲ.

ಈ ಸಮಯಗಳನ್ನೆಲ್ಲ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ, ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ, ನಮ್ಮ ವೃತ್ತಿಯ ಪದ್ಧತಿಯಂತೆ ಬರೆದು ಮಂಕಾಳುವಿನ ಕೈಗಿತ್ತೆ. ಅವರು ಅದನ್ನು ನೋಡದೆ ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಸೇರಿಸಿದರು. ಆಮೇಲೆ ಕೇಳಿದರು:

“ಮಸ್ಕತ್ತಿಂದ ಇಲ್ಲಿಗೆ ಎಷ್ಟ್ ತಾಸ ಆತದೆ ಸಾಹೇಬ್ರೆ? ಬುಧವಂತ ಕೇಳ್ಕಂಡಿ ಬಾ ಅಂದಾನೆ.”

ಅವರ ಮುಖ ನೋಡಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಕಾಣುತ್ತಿತ್ತು. ಅವರಿಗೆ ಸಮಾಧಾನವಾಗುವಂಥದ್ದೇನಾದರೂ ಹೇಳಬೇಕೆನಿಸಿತು. ಅದರ ಜತೆಗೆ, ಸುಳ್ಳೇಕೆ ಹೇಳಲಿ, ನನ್ನ ಹಳೆಯ ಚಟವೂ ನಾಲಿಗೆಯ ತುದಿಗೆ ಬಂದು ನಿಂತಿತು.

“ದೂರ ಏನಲ್ಲ ಮಂಕಾಳು” ಎಂದೆ. “ಮುಂಬಯಿವರೆಗೆ ಎರಡೂವರೆ ತಾಸು, ಅಲ್ಲಿಂದ ಗೋವಾಕ್ಕೆ ಒಂದು. ಒಟ್ಟು ಮೂರೂವರೆ ತಾಸು. ಮಸ್ಕತ್ತಿಂದ ಮುಂಬಯಿ ಸಾವಿರದ ಐನೂರ ತೊಂಬತ್ತು ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ಕಡಲ ಮೇಲೇ. ನಾಳೆ ಬಂದುಬಿಡ್ತಾಳೆ.”

“ಮೂರೂವರೆನೇ?” ಎಂದರು. ಅವರ ಮುಖ ಸ್ವಲ್ಪ ತಿಳಿಯಾಯಿತು. ಕೈಮುಗಿದು ಮೆಟ್ಟಿಲಿಳಿದರು.

ಅವರು ಹೋದ ಮೇಲೆ ನನಗೂ ಮನಸ್ಸು ಹಗುರಾಯಿತು. ಒಳ್ಳೆಯ ಕೆಲಸ ಮಾಡಿದ ಸಂತೋಷ ಬೇರೆ. ಆ ಸಂತೋಷದಲ್ಲೇ ಇನ್ನೊಂದು ಒಳ್ಳೆಯ ಕೆಲಸ ಹೊಳೆಯಿತು: ದಾಬೋಲಿಗೆ ಟ್ಯಾಕ್ಸಿ ಮಾತ್ರ ಕಳಿಸುವ ಬದಲು ನಾನೇ ಹೋಗಿ ಹುಡುಗಿಯನ್ನು ಕರೆತಂದರೆ ಹೇಗೆ? ದುಃಖದಲ್ಲಿರುವವಳು, ಒಬ್ಬಳೇ ಬರುತ್ತಾಳೆ. ಕಿನ್ನರ ಊರಿನ ಪರಿಚಿತ ಚಾಲಕನಿಗೆ ಹೇಳಿ, ಬುಧವಾರ ಬೆಳಿಗ್ಗೆ ಕಚೇರಿಯ ಬಾಗಿಲಿಗೆ ‘ಇಂದು ರಜೆ’ ಎಂಬ ಫಲಕ ತೂಗುಹಾಕಿ ಎಂಟಕ್ಕೆಲ್ಲ ಹೊರಟೆ. ಮಂಕಾಳುವಿನ ಕೈಯಲ್ಲಿದ್ದದ್ದು ಕಚೇರಿಯ ನಂಬರು ಮಾತ್ರ. ನನ್ನ ಹತ್ತಿರ ಆಗಷ್ಟೇ ಕೊಂಡ ಮೊಬೈಲಿತ್ತು, ಆದರೆ ಅದರ ನಂಬರು ಕೊಡಬೇಕೆಂದು ಹೊಳೆದಿರಲಿಲ್ಲ. ಕೊಟ್ಟಿದ್ದರೂ ಗೋವಾ ಗಡಿಯ ಮಾಜಾಳಿ ದಾಟಿದ ಮೇಲೆ ಅದು ಸತ್ತು ಬೀಳುತ್ತಿತ್ತು.

ಹತ್ತೂಮುಕ್ಕಾಲಿಗೆ ದಾಬೋಲಿ ತಲುಪಿದೆ. ಎಸ್‌ಟಿಡಿ ಬೂತಿನಿಂದ ಕೇರಿಯಲ್ಲಿ ಫೋನಿದ್ದ ಒಂದೇ ಮನೆಗೆ, ಬೊಮ್ಮಯ್ಯನ ಪಕ್ಕದ ಮನೆಗೆ, ಕರೆ ಮಾಡಿದೆ. ಎರಡು ಸಲವೂ ಗಂಟೆ ಬಾರಿಸಿ ನಿಂತಿತು. ಎಲ್ಲರೂ ಹೆಣದ ಸುತ್ತ ಕುಳಿತಿರಬೇಕು, ಫೋನು ಎತ್ತುವವರು ಯಾರು ಎಂದುಕೊಂಡು ಚಹಾ ಕುಡಿಯಲು ಹೋದೆ.

ವಿಮಾನ ಹತ್ತು ನಿಮಿಷ ತಡವಾಗಿ ಇಳಿಯಿತು. ಸುಜಾತಾಳನ್ನು ನಾನು ಹಿಂದೆ ನೋಡಿರಲಿಲ್ಲ, ಆದರೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಇಪ್ಪತ್ತೇಳರ ಸಪೂರ ಹುಡುಗಿ, ಹೆಗಲಿಗೆ ಒಂದು ಚಿಕ್ಕ ಚೀಲ, ಬೇರೆ ಏನೂ ಇಲ್ಲ. ಮುಂಬಯಿಯ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ದಾರಿ ಗೊತ್ತಾಗದೆ ಸುತ್ತಾಡಿ ಸುಸ್ತಾಗಿದ್ದಳು; ಕೈಯಲ್ಲಿ ನಮ್ಮ ದುಡ್ಡಿಲ್ಲದೆ ಮನೆಗೆ ಫೋನನ್ನೂ ಮಾಡಿರಲಿಲ್ಲ. ಅತ್ತಿರಲಿಲ್ಲ. ಮನೆಗೆ ಮುಟ್ಟಿದ ಮೇಲೆ ಅಳುತ್ತೇನೆಂದು ಇಟ್ಟುಕೊಂಡಿದ್ದಳೋ ಏನೋ.

ಕಾರು ಮಡಗಾಂವ ದಾಟಿತು. ಆಮೇಲೆ ನಿಧಾನಕ್ಕೆ ಒಂದು ಪ್ರಶ್ನೆ ಕೇಳಿದಳು.

“ಸರ್, ಅಪ್ಪನ ಬಾಯಿ ಬಿಗ್ದು ಕಟ್ಟೀರೇನ? ನಮ್ ಆಸ್ಪತ್ರೇಲಿ ಬೇಗ ಕಟ್ತರು. ಕಟ್ಟೀರೆ ನೀರ್ ಒಳಗ್ ಹೋಗೂದಿಲ್ಲ.”

ತುಟಿಗೆ ತುಳಸಿಯಲ್ಲಿ ಒದ್ದೆ ಮಾಡಿದರೂ ನಡೆಯುತ್ತದಮ್ಮ ಎಂದೆ. ಅವಳು ತಲೆಯಾಡಿಸಿದಳು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, ಕಳೆದ ಬಾರಿ ರಜೆಗೆ ಬಂದಾಗ ಅಪ್ಪ ತನ್ನನ್ನು ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಬಂದಿರಲಿಲ್ಲವೆಂದೂ, ಅದಕ್ಕೆ ತಾನು ಸಿಟ್ಟಾಗಿ ಒಂದು ತಿಂಗಳು ಫೋನ್ ಮಾಡಿರಲಿಲ್ಲವೆಂದೂ ಹೇಳಿದಳು. ಇದನ್ನು ನನಗಿಂತ ಹೆಚ್ಚಾಗಿ ಕಿಟಕಿಗೆ ಹೇಳಿದಂತಿತ್ತು.

ಗಡಿಯ ಪೋಳೆಂ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು. ಇಪ್ಪತ್ತು ನಿಮಿಷ ಅಲ್ಲೇ ಹೋಯಿತು. ಅವಳು ಮಣಿಗಂಟಿನ ಗಡಿಯಾರ ನೋಡುತ್ತಿದ್ದಳು; ಅದರಲ್ಲಿ ಇನ್ನೂ ಮಸ್ಕತ್ತಿನ ಸಮಯ, ನಮಗಿಂತ ಒಂದೂವರೆ ಗಂಟೆ ಹಿಂದೆ. “ಅವರು ಕಾಯ್ತಿರ್ತಾರೆ, ನಾನು ನಿನ್ನೆಯೇ ಹೇಳಿ ಕಳಿಸಿದ್ದೇನೆ” ಎಂದೆ. ಕಾಳಿ ಸೇತುವೆಯ ಮೇಲೆ ಮತ್ತೊಮ್ಮೆ ಅದನ್ನೇ ಹೇಳಿದೆ. ಕಾರವಾರದಲ್ಲಿ ನಿಲ್ಲಿಸಲಿಲ್ಲ. ತೋಡೂರು, ಅಮದಳ್ಳಿ, ಅವರ್ಸಾ ಹಿಂದೆ ಸರಿದವು. ಕೇರಿಯ ಬಾಯಿಗೆ ಕಾರು ಬಂದು ನಿಂತಾಗ ಐದಕ್ಕೆ ಹದಿನೈದು ನಿಮಿಷ ಇತ್ತು.

ಕಾರಿನಿಂದ ಇಳಿಯುವಾಗ ನನಗೆ ಮೊದಲು ಕಂಡದ್ದು ಹೊಗೆ. ಒಂದೆರಡು ಮನೆಗಳ ಮಾಡಿನಿಂದ ಅಡುಗೆಯ ಹೊಗೆ ಏಳುತ್ತಿತ್ತು. ಒಲೆ ಹಚ್ಚಿದ್ದಾರೆ ಎಂದರೆ ಏನರ್ಥ ಎಂಬುದು ನನಗಿಂತ ಮೊದಲು ಸುಜಾತಾಳಿಗೆ ಗೊತ್ತಾಯಿತು. ಅವಳು ಚೀಲವನ್ನು ರಸ್ತೆಯ ಮೇಲೇ ಬಿಟ್ಟು ಓಡಿದಳು.

ಬಾವಿಕಟ್ಟೆಯ ಹತ್ತಿರ ನಿಂತಿದ್ದ ಇಬ್ಬರು ಹೆಂಗಸರು ಅವಳನ್ನು ಕಂಡು ಹಿಂದಕ್ಕೆ ಸರಿದರು. ಒಬ್ಬಳ ಕೈಯಿಂದ ಕೊಡ ಜಾರಿತು. ಮನೆಯೊಳಗೆ ಗೋಡೆಗೆ ಒರಗಿ ಕುಳಿತಿದ್ದ ತಾಯಿ ನಾಗಮ್ಮ ಎದ್ದು ನಿಲ್ಲಲಾಗದೆ ಮೊಣಕಾಲಿನ ಮೇಲೇ ಮುಂದೆ ಬಂದು ಮಗಳ ಕಾಲು, ಕೈ, ಮುಖ ಎಲ್ಲವನ್ನೂ ಮುಟ್ಟಿ ನೋಡಿದಳು.

“ನೀ ಬದ್ಕೀಯೇ?” ಎಂದಳು. “ಇಮಾನ ಬಿತ್ತು ಅಂದ್ಕಂಡಿ ನಿನ್ ಕಿರ್ಗೀನೂ ಕೊಟ್ ಕಳ್ಸದೆ ಮಗ, ಅಪ್ಪನ ಸಂಗ್ತಿಗೆ.”

ಕಡಲಿಗೆ ಹೋಗಿ ದೇಹ ಸಿಗದವರ ಬಟ್ಟೆಯನ್ನು ಸುಡುವ ಪದ್ಧತಿ ಆ ಕೇರಿಯಲ್ಲಿದೆ. ಶಾಲೆಗೆ ಹೋಗುವಾಗ ಸುಜಾತಾ ಉಡುತ್ತಿದ್ದ ಲಂಗವೊಂದನ್ನು ತಾಯಿ ಪೆಟ್ಟಿಗೆಯಿಂದ ತೆಗೆದು ಗಂಡನ ಎದೆಯ ಮೇಲಿಟ್ಟು ಕಳಿಸಿದ್ದಳು. ಈಗ ಮಗಳನ್ನು ತಬ್ಬಿ ನಗುತ್ತಿದ್ದಳು, ನಿಜವಾಗಿಯೂ ನಗುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಗಳು “ಅಪ್ಪ?” ಎಂದಾಗ ಆ ನಗು ನಿಂತಿತು. ಆ ಮುಖವನ್ನು ನೋಡಲಾರದೆ ನಾನು ಅಂಗಳಕ್ಕೆ ಬಂದುಬಿಟ್ಟೆ.

ಅಂಗಳದಲ್ಲಿ ಮಂಕಾಳು ಇದ್ದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಮೂರೂವರೆ ತಾಸ ಅಂದ್ರಿ ಸಾಹೇಬ್ರೆ” ಎಂದರು. “ನಾವು ಹತ್ತೂವರೆ ತಾಸ ಕಾದ್ವು.”

ನಾನು ಅಂಕೋಲೆ ತಾಲೂಕಿನಲ್ಲಿ ಹುಟ್ಟಿದವನು. ಬೊಬ್ರುವಾಡದ ನಮ್ಮ ಮನೆಗೆ ದಿನವೂ ಮೀನು ತರುತ್ತಿದ್ದ ಹೆಂಗಸರ ಮಾತು ಕೇಳಿ ಬೆಳೆದವನು. ಕಡಲಿನವರು ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ತಾಸಿನಲ್ಲಿ ಹೇಳುತ್ತಾರೆ. ಆ ನಡುಗಡ್ಡೆ ಮೂರು ತಾಸು ಎಂದರೆ ಹುಟ್ಟು ಹೆಗಲಿಗೇರಿಸಿ ಮನೆಯ ಹೊಸ್ತಿಲು ದಾಟಿದಲ್ಲಿಂದ ಅಲ್ಲಿನ ಬಂಡೆಗೆ ಕಾಲಿಡುವವರೆಗೆ ಮೂರು ತಾಸು. ದೋಣಿ ನೂಕುವುದು, ಅಳಿವೆಯಲ್ಲಿ ತೆರೆ ತಗ್ಗಲೆಂದು ನಿಲ್ಲುವುದು, ಎದುರುಗಾಳಿ, ಎಲ್ಲ ಅದರೊಳಗೇ ಸೇರಿದ್ದು. ಹೇಳಿದ ತಾಸು ಮೀರಿತೆಂದರೆ ಇನ್ನೂ ಅಷ್ಟೇ ಹೊತ್ತು ಕಾಯುತ್ತಾರೆ. ಅದೂ ಮೀರಿದರೆ ಹೆಂಗಸರು ದಡಕ್ಕೆ ಬರುತ್ತಾರೆ. ಇದು ಅವರು ಶಾಲೆಯಲ್ಲಿ ಕಲಿತ ಲೆಕ್ಕವಲ್ಲ, ಎಷ್ಟೋ ಗಂಡಸರನ್ನು ಕಳೆದುಕೊಂಡು ಕಲಿತದ್ದು.

ಮಂಗಳವಾರ ಸುಜಾತಾ ಪಕ್ಕದ ಮನೆಗೆ ಫೋನ್ ಮಾಡಿ “ರೂಮಿಂದ ಹೊರಟೆ” ಎಂದಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ಮುಂದಿನ ವಿಮಾನದ ಸಮಯ ಅವಳಿಗೂ ಗೊತ್ತಿರಲಿಲ್ಲ, ಟಿಕೆಟ್ ನಿಲ್ದಾಣದಲ್ಲಿ ಸಿಗುವುದಿತ್ತು. ಕೇರಿಯವರು ಅಲ್ಲಿಂದ ಲೆಕ್ಕ ಹಿಡಿದರು. ಮೂರೂವರೆ ತಾಸು ಕಳೆಯಿತು. ಏಳು ತಾಸು ಕಳೆಯಿತು, ಬೆಳಗಾಯಿತು. ನನ್ನ ಕಚೇರಿಗೆ ಫೋನ್ ಮಾಡಿದರು. ಬೀಗ ಹಾಕಿದ ಕೋಣೆಯಲ್ಲಿ ಅದು ಬಾರಿಸುತ್ತಲೇ ಇತ್ತು. ಒಬ್ಬ ಹುಡುಗನನ್ನು ಕಾರವಾರಕ್ಕೆ ಓಡಿಸಿದರು. ಅವನು ‘ಇಂದು ರಜೆ’ ಎಂಬ ಫಲಕ ಓದಿ ಬಸ್‌ಸ್ಟ್ಯಾಂಡಿನ ಬೂತಿನಿಂದ ಹಾಗೆಯೇ ತಿಳಿಸಿದ. ಟಿಕೆಟ್ ಮಾಡಿಸಿದ ಮನುಷ್ಯನೇ ಬಾಗಿಲು ಹಾಕಿ ಹೋಗಿದ್ದಾನೆ, ವಿಮಾನದ ದಾರಿ ಪೂರ್ತಿ ಕಡಲ ಮೇಲೆ ಎಂದು ಅವನೇ ಹೇಳಿದ್ದಾನೆ, ಹೇಳಿದ ಹೊತ್ತಿನ ಮೂರು ಪಟ್ಟು ಆಗಿದೆ. ಕಡಲನ್ನು ಬಲ್ಲವರಿಗೆ ಇನ್ನೇನು ತೋಚೀತು? ಹತ್ತಕ್ಕೆ ಕೋಡಿಯಲ್ಲಿ ನೀರು ಇಳಿದಿತ್ತು. ಬುಧವಂತ ಎದ್ದು ನಿಂತು ಎತ್ತಿ ಎಂದ. ನಾಗಮ್ಮ ಬೇಡ ಎನ್ನಲಿಲ್ಲ, ಪೆಟ್ಟಿಗೆ ತೆರೆದಳು. ನಾನು ದಾಬೋಲಿಯಿಂದ ಫೋನ್ ಮಾಡಿದಾಗ ಇಡೀ ಕೇರಿ ಮರಳದಿಬ್ಬದ ಕಡೆಗಿತ್ತು.

ನಾನು ಬರೆದುಕೊಟ್ಟ ಹಾಳೆ ಮಂಕಾಳುವಿನ ಜೇಬಿನಲ್ಲಿ ನಾಲ್ಕು ಮಡಿಕೆಯಲ್ಲಿ ಹಾಗೆಯೇ ಇತ್ತು. ಅದರಲ್ಲಿ ಎಲ್ಲವೂ ಸರಿಯಾಗಿತ್ತು, ಒಂದು ನಿಮಿಷವೂ ತಪ್ಪಿರಲಿಲ್ಲ.

ಸುಜಾತಾ ಹೊರಗೆ ಬಂದು ಯಾರನ್ನೂ ನೋಡದೆ ಕಡಲ ಕಡೆ ನಡೆದಳು. ನಾವು ಹಿಂದೆ ಹೋದೆವು. ಕೋಡಿಯಲ್ಲಿ ಭರತ ತುಂಬಿತ್ತು. ಆಚೆ ದಿಬ್ಬದಲ್ಲಿ ಹೊಗೆ ಇನ್ನೂ ತೆಳ್ಳಗೆ ಏಳುತ್ತಿತ್ತು. ಯಾರೋ ದೋಣಿ ತರುತ್ತೇನೆಂದರು. ಬೂದಿ ಆರುವವರೆಗೆ ಆಚೆ ಹೋಗಬಾರದೆಂದು ಬುಧವಂತ ತಡೆದ. ಅವನ ದನಿಯಲ್ಲೂ ಬಲವಿರಲಿಲ್ಲ. ಅವಳು ಒಂದು ತಂಬಿಗೆ ನೀರು ತರಿಸಿಕೊಂಡಳು. ಮೊಣಕಾಲಿನವರೆಗೆ ಕೋಡಿಯಲ್ಲಿಳಿದು, ಹೊಗೆಯ ಕಡೆ ಮುಖ ಮಾಡಿ, ಆ ಸಿಹಿನೀರನ್ನು ಉಪ್ಪುನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ತಂಬಿಗೆ ಬರಿದಾದ ಮೇಲೂ ಅದನ್ನು ಬಗ್ಗಿಸಿಯೇ ಹಿಡಿದಿದ್ದಳು. ಆಗ ಅತ್ತಳು.

ನನ್ನ ಮೂವತ್ತು ವರ್ಷದ ಕೆಲಸದಲ್ಲಿ ವಿಮಾನ ತಪ್ಪಿಸಿಕೊಂಡವರನ್ನು, ವೀಸಾ ಸಿಗದೆ ಮರಳಿದವರನ್ನು, ಹೆಸರಿನ ಒಂದಕ್ಷರ ತಪ್ಪಾಗಿ ನಿಲ್ದಾಣದಲ್ಲಿ ಸಿಕ್ಕಿಬಿದ್ದವರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಅದಕ್ಕೆಲ್ಲ ಪರಿಹಾರವಿತ್ತು, ಇಂದಿಲ್ಲವಾದರೆ ನಾಳೆ ಹೋಗುತ್ತಿದ್ದರು. ಇದಕ್ಕೆ ನಾಳೆ ಇರಲಿಲ್ಲ. ಮರುದಿನ ಮಾಲೀಕರಿಗೆ ಫೋನಿನಲ್ಲಿ ಹೇಳಿದೆ. ಅವರು ಒಳ್ಳೆಯವರೇ. “ನೀವು ಟೈಮಿಂಗ್ ಬರೆದು ಕೊಟ್ಟಿದ್ದೀರಿ, ಅವರು ಓದಿಲ್ಲ. ನಿಮ್ಮ ತಪ್ಪೇನು?” ಎಂದರು. ಆ ಮಾತನ್ನು ನಾನೂ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ. ಇನ್ನೂ ಒಂದು ಸಮಾಧಾನವನ್ನು ಹುಡುಕಿಟ್ಟುಕೊಂಡಿದ್ದೆ: ಹದಿನೇಳು ತಾಸು ಎಂದು ನಿಜ ಹೇಳಿದ್ದರೂ ಏನಾಗುತ್ತಿತ್ತು? ಮಗಳು ಮುಟ್ಟುವ ಹೊತ್ತಿಗೆ ಕೋಡಿ ತುಂಬಿರುತ್ತಿತ್ತು. ಇಡೀ ಕೇರಿ ಒಲೆಯಾರಿಸಿ, ದೋಣಿ ಮೇಲೆಳೆದು, ಅದರ ಮರುದಿನದ ಇಳಿತದವರೆಗೆ ಕಾಯುತ್ತಿತ್ತೇ? ಅಷ್ಟು ದೊಡ್ಡ ಅಂಕಿ ಕೇಳಿದ್ದರೆ ಬುಧವಂತ ಮೊದಲೇ ಆಗುವುದಿಲ್ಲ ಎನ್ನುತ್ತಿದ್ದ. ಹೀಗೆ ಲೆಕ್ಕ ಹಾಕಿಕೊಂಡು ಹನ್ನೆರಡು ದಿನ ಊಟ ಮಾಡಿದೆ, ನಿದ್ದೆ ಮಾಡಿದೆ.

ಹದಿಮೂರನೆಯ ದಿನ ಕಳೆದು ಸುಜಾತಾ ವಾಪಸು ಹೋಗುವ ಟಿಕೆಟಿಗಾಗಿ ಬಂದಳು. ರಜೆ ಮುಗಿದಿತ್ತು. ಜತೆಗೆ ನಾಗಮ್ಮನೂ ಇದ್ದಳು. ಬರಿಗೈ, ಬರಿ ಹಣೆ. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಇಬ್ಬರಿಗೂ ನೀರು ಕೊಟ್ಟು, ಮೇಜಿನ ಹಿಂದೆ ಕೂರಲಾಗದೆ ನಿಂತುಕೊಂಡೇ ಹೇಳಿದೆ: ತಪ್ಪು ನನ್ನದು, ವಿಮಾನ ಹಾರುವ ಹೊತ್ತು ಹೇಳಿದೆ, ಮನೆ ಮುಟ್ಟುವ ಹೊತ್ತು ಹೇಳಲಿಲ್ಲ. ಸುಜಾತಾ ನೆಲ ನೋಡುತ್ತಿದ್ದಳು. ನಾಗಮ್ಮ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಟಿಕೆಟ್ ಬರೆದು ಮುಗಿಸುವಾಗ ನಾಗಮ್ಮನೇ ಮಗಳ ಕಡೆ ತೋರಿಸಿ ಕೇಳಿದಳು.

“ಈಗ ಇದು ಹೋಗಿ ಮುಟ್ಟೂಕೆ ಎಷ್ಟ್ ತಾಸ?”

ಪೆನ್ನು ಕೈಯಲ್ಲಿ ಹಿಡಿದು ಈ ಬಾರಿ ಎಲ್ಲವನ್ನೂ ಕೂಡಿಸಿದೆ. ಕೇರಿಯಿಂದ ದಾಬೋಲಿಗೆ ಮೂರೂವರೆ. ನಿಲ್ದಾಣದಲ್ಲಿ ಎರಡು. ಮುಂಬಯಿಗೆ ಒಂದು. ಅಲ್ಲಿ ಏಳು ತಾಸು ಕಾಯಬೇಕು. ಮಸ್ಕತ್ತಿಗೆ ಎರಡೂವರೆ. ಹೊರಬರಲು ಒಂದು, ರೂಮು ಮುಟ್ಟಲು ಇನ್ನೊಂದು. ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಓದಿ ಹೇಳಿದೆ.

“ನಿಮ್ಮ ಹೊಸ್ತಿಲಿಂದ ಅವಳ ರೂಮಿನ ಹೊಸ್ತಿಲಿಗೆ ಹದಿನೆಂಟು ತಾಸು ಅಮ್ಮ. ಒಂದೆರಡು ಹೆಚ್ಚಾದರೂ ಹೆದರಬೇಡಿ.”

ನಾಗಮ್ಮ ಬೆರಳಿನ ಗಿಣ್ಣುಗಳ ಮೇಲೆ ಎಣಿಸಿ ನೋಡಿದಳು.

“ಹದ್ನೆಂಟೇ?” ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. “ಅಂದೂ ಹಿಂಗೇ ಹೇಳೂಕಾಗಿತ್ತು, ತಮ್ಮ. ಇನ್ನೊಂದ್ ಇಳತ ಕಾಯ್ತಿದ್ವು. ಐಸಿಗೆ ಯಂತಾ ಬರ ನಮ್ ಕೇರಿಲಿ? ಮೀನಿಗೆ ಹಾಕೂ ಐಸು, ಎರಡ್ ದಿವ್ಸಾ ಇಡ್ತಿದ್ವು. ನಾವು ಕಾಯೂ ಜನ.”

ಹನ್ನೆರಡು ದಿನ ನಾನು ಕಟ್ಟಿಕೊಂಡಿದ್ದ ಸಮಾಧಾನ ಅಲ್ಲೇ ಕುಸಿಯಿತು. ದೊಡ್ಡ ಅಂಕಿಯನ್ನು ಅವರು ತಾಳಲಾರರು ಎಂದುಕೊಂಡವನು ನಾನು. ಅದನ್ನು ಹೇಳಲು ತಾಳದವನು ನಾನೇ ಆಗಿದ್ದೆ. ನೊಂದವರಿಗೆ ಚಿಕ್ಕ ಅಂಕಿ ಹೇಳುವುದು ಕರುಣೆಯಲ್ಲ, ಅವರ ತಾಳ್ಮೆಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ಹೇಳಿದ ಹಾಗೆ. ನನ್ನ ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ. ಅದನ್ನು ಕಲಿಯಲು ಆಗಿಹೋದ ವೆಚ್ಚವನ್ನು ತೆತ್ತವಳು ಮಾತ್ರ ಬೇರೆಯವಳು.

2013ರಲ್ಲಿ ನಿವೃತ್ತನಾಗುವವರೆಗೆ ಮತ್ತೆ ಯಾರಿಗೂ ಹಾರಾಟದ ಸಮಯ ಹೇಳಲಿಲ್ಲ. ಕೇಳಿದವರಿಗೆ, ಮನೆಯಲ್ಲಿ ಕಾಯುವವರು ಯಾರು ಎಂದು ಮೊದಲು ಕೇಳಿ, ಅವರಿಗೆ ಹೇಳಬೇಕಾದ ಹೊತ್ತನ್ನು ಕನ್ನಡದಲ್ಲಿ ಬರೆದು, ಎರಡು ಸಲ ಓದಿಸಿ ಕಳಿಸುತ್ತಿದ್ದೆ. ಆ ದಿನ ಮೆಟ್ಟಿಲಿಳಿಯುವಾಗ ನಾಗಮ್ಮ ಆ ಹಾಳೆಯನ್ನು ಮಗಳ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಓದಲು ಅವಳಿಗೆ ಬರುತ್ತಿರಲಿಲ್ಲ.